ಮುಷ್ಟಿ ಮತ್ತು ಮುಂಗೈ: ಕನ್ನಡ-ಆಂಧ್ರ ಗರಡಿಗಳ ಪರಂಪರೆ

ತೆಲುಗು ನಾಡಿನಲ್ಲಿ ನೆಲಸಿದ ಕನ್ನಡಿಗನ ಕಿವಿಗೆ ಪರಕೀಯವೆನಿಸದ ಮಾತುಗಳು ಅನೇಕವಿವೆ. ಅವುಗಳಲ್ಲಿ ಗರಡಿ, ಸಾಮು ಎಂಬೆರಡು ಪದಗಳು ವಿಶೇಷವಾಗಿ ಗಮನಾರ್ಹವಾದುವು. ಕನ್ನಡದ ಗರಡಿ ತೆಲುಗಿನಲ್ಲಿ ಗರಿಡಿ. ಇಲ್ಲಿ ಸಾಮು ಮಾಡುವವನು ಅಲ್ಲಿಯೂ ಸಾಮನ್ನೇ ಮಾಡುತ್ತಾನೆ. ನಮ್ಮ ದೊಣ್ಣೆವರಸೆಗೆ ಅಲ್ಲಿ ಕರ್ರಸಾಮು ಎಂದು ಹೆಸರು. ಇಂದು ಬ್ಯಾಡ್ಮಿಂಟನ್, ಟೆನಿಸ್, ಹಾಕಿ ಮೊದಲಾದ ಆಟಗಳಿಗಾಗಿ ಹಿಡಿತವನ್ನೂ ಮುಂಗೈಯನ್ನೂ ಬಲಪಡಿಸುವ ವಿದ್ಯೆ ಪರದೇಶದಿಂದ ಹೊಸದಾಗಿ ಬಂದುದೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಆಟಗಳು ಹೊಸವು, ನಿಜ. ಆದರೆ ಕೈಯನ್ನು ಪಳಗಿಸುವ ವಿದ್ಯೆಗೆ ಎರಡು ನಾಡುಗಳಲ್ಲಿಯೂ ಹಳೆಯ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಇಂದಿಗೂ ಸಲ್ಲುವುದೆಷ್ಟು, ಸಲ್ಲದುದೆಷ್ಟು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವಿಜಯವಾಡದ ಇಂದ್ರಕೀಲಾದ್ರಿಯೇ ಅರ್ಜುನನು ತಪಸ್ಸು ಮಾಡಿದ ಬೆಟ್ಟವೆಂಬುದು ಆ ಊರಿನ ನಂಬಿಕೆ. ಕಿರಾತಾರ್ಜುನರ ಕಥೆಯನ್ನು ಕೆತ್ತಿದ, ಪೂರ್ವಚಾಲುಕ್ಯರ ಕಾಲದ ಶಿಲಾಸ್ತಂಭವೊಂದು ಅಲ್ಲಿ ದೊರೆತಿದೆ. ಬಿಲ್ಲು ಬಾಣಗಳು ನಿಷ್ಫಲವಾದ ಮೇಲೆ ಬರಿಗೈಯ ಸೆಣಸೇ ನಿರ್ಣಾಯಕವಾಗುವ ಕಥೆಯದು. ಪೂರ್ವಜರ ನೆಲೆ ವೆಂಗಿಮಂಡಲವೆಂದು ಹೇಳಿಕೊಂಡ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದರೆ, ರನ್ನನು ಗದಾಯುದ್ಧದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಒಬ್ಬನದು ಬಿಲ್ಲು ಹಿಡಿದ ಕೈ, ಇನ್ನೊಬ್ಬನದು ಗದೆ ಹಿಡಿದ ಕೈ.

ಕಾವ್ಯದಿಂದ ಶಾಸ್ತ್ರಕ್ಕೆ ಬಂದರೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಮುಖ್ಯವಾದ ಆಕರ. ಅದರ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳ ವರ್ಗ, ಆಹಾರ, ಅಭ್ಯಾಸಗಳು ವರ್ಣಿತವಾಗಿವೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಸುವುದು, ಕಂಬದ ಮೇಲೆ ಸಾಧನೆ ಮಾಡುವುದು, ಹೀಗೆ ಬೇರೆ ಬೇರೆ ಶ್ರಮಗಳನ್ನು ಅಲ್ಲಿ ವಿಂಗಡಿಸಿದೆ. ಕಂಬವನ್ನು ತಬ್ಬಿ ಹಿಡಿದು ದೇಹದ ತೂಕವನ್ನು ತಾಳುವವನಿಗೆ ಮೊದಲು ಸೋಲುವುದು ತೋಳಲ್ಲ, ಬೆರಳು ಎಂಬುದನ್ನು ಈ ಸಾಧನೆ ಬಲ್ಲವರೆಲ್ಲರೂ ಅರಿತಿದ್ದಾರೆ.

ಕನ್ನಡ ದೊರೆಯೊಬ್ಬನ ದಿನಚರಿಯಲ್ಲಿ ಈ ವಿದ್ಯೆ ಪ್ರತ್ಯಕ್ಷವಾಗಿ ಕಾಣುವುದು ವಿಜಯನಗರದಲ್ಲಿ. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬರೆದಿಟ್ಟಂತೆ, ಕೃಷ್ಣದೇವರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಕೈಗಳಲ್ಲಿ ಎತ್ತುತ್ತಿದ್ದನು. ಬಳಿಕ ಕುಡಿದ ಎಣ್ಣೆಯೆಲ್ಲ ಬೆವರಾಗುವವರೆಗೆ ಕತ್ತಿ ಬೀಸುತ್ತಿದ್ದನು. ಅನಂತರ ಜಟ್ಟಿಯೊಬ್ಬನೊಡನೆ ಕುಸ್ತಿ ಮಾಡುತ್ತಿದ್ದನು. ಈ ಕ್ರಮವು ಅರ್ಥಪೂರ್ಣವಾದುದು. ಮೊದಲು ಭಾರವನ್ನು ಹಿಡಿದು ನಿಲ್ಲಿಸುವುದು, ಎರಡನೆಯದಾಗಿ ಹಿಡಿದುದನ್ನು ಬೀಸುವುದು, ಕೊನೆಗೆ ಎದುರಾಳಿಯ ಬಲಕ್ಕೆ ಹೊಂದಿಸಿಕೊಂಡು ಹಿಡಿಯುವುದು ಮತ್ತು ಬಿಡುವುದು. ಇದೇ ಅರಸನು 1515ರಲ್ಲಿ ಕೊಂಡವೀಡನ್ನು ಗೆದ್ದು, ವಿಜಯವಾಡದ ಸಮೀಪದ ಕೊಂಡಪಲ್ಲಿಯನ್ನು ವಶಪಡಿಸಿಕೊಂಡು, 1516ರಲ್ಲಿ ಇಂದಿನ ವಿಶಾಖಪಟ್ಟಣಕ್ಕೆ ಸೇರಿದ ಸಿಂಹಾಚಲಕ್ಕೆ ಬಂದು ದತ್ತಿಯನ್ನು ಶಾಸನಸ್ಥವಾಗಿಸಿದನು. ಹಂಪೆಯ ಕೈ ಕಡಲತೀರದವರೆಗೆ ಚಾಚಿದ ಕಾಲವದು.

ಅವನ ಅನಂತರ ಬಂದ ನೂನಿಜನು, ಮಹಾನವಮಿಯಲ್ಲಿ ಜಟ್ಟಿಗಳು ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಪರಸ್ಪರ ಹೊಡೆದು ಗಾಯಗೊಳಿಸುತ್ತಿದ್ದರೆಂದು ಬರೆದಿದ್ದಾನೆ. ಮೈಸೂರು ಅರಮನೆಯ ದಸರೆಯಲ್ಲಿ ಉಳಿದುಬಂದಿರುವ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ ಈ ವರ್ಣನೆ ಅಪರಿಚಿತವಲ್ಲ.

ಇನ್ನು ಜನಸಾಮಾನ್ಯರ ಸಾಧನಗಳನ್ನು ನೋಡಬಹುದು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ವೇಳೆ ಸಂಗ್ರಾಣಿ ಕಲ್ಲು, ಉಸುಕಿನ ಚೀಲಗಳನ್ನು ಎತ್ತುವ ಪಂದ್ಯ ನಡೆಯುತ್ತದೆ. ಅದೇ ಹಬ್ಬದಲ್ಲಿ ವಿಶಾಖಪಟ್ಟಣ, ಶ್ರೀಕಾಕುಳಂ ಕಡೆಯ ಹಳ್ಳಿಗಳ ತರುಣರು ಸಂಗಿಡಿ ಎಂಬ ಕಲ್ಲನ್ನು ಎತ್ತುತ್ತಾರೆ. ಪದಗಳ ಹೋಲಿಕೆಯೊಂದರಿಂದಲೇ ಮೂಲಸಂಬಂಧವನ್ನು ಸಾಧಿಸಲಾಗದು. ಆದರೆ ಹಬ್ಬ, ವಸ್ತು, ಉದ್ದೇಶ ಮೂರೂ ಒಂದಾಗಿರುವುದು ಶಬ್ದಶಾಸ್ತ್ರಜ್ಞರ ಗಮನಕ್ಕೆ ಅರ್ಹ. ಗರಡಿಯೊಳಗೆ ಗದೆ, ಮುದ್ಗರ, ದೊಣ್ಣೆಗಳಿವೆ. ಮಟ್ಟಿಯ ಮಣ್ಣನ್ನು ಗುದ್ದಲಿಯಿಂದ ಅಗೆಯುವ ನಿತ್ಯದ ಕೆಲಸವೂ ಕೈಗೆ ಸಾಧನೆಯೇ.

ಈ ಸಾಧನಗಳ ಮರ್ಮವನ್ನು ದೇಹಶಾಸ್ತ್ರವು ವಿವರಿಸುತ್ತದೆ. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳು ಅಂಗೈಯಲ್ಲಿಲ್ಲ. ಅವು ಮುಂಗೈಯ ಒಳಬದಿಯಲ್ಲಿದ್ದು, ನರಹುರಿಗಳ ಮೂಲಕ ಮಣಿಕಟ್ಟನ್ನು ದಾಟಿ ಬೆರಳನ್ನು ಎಳೆಯುತ್ತವೆ. ಮಣಿಕಟ್ಟು ಒಳಕ್ಕೆ ಬಾಗಿದರೆ ಈ ಎಳೆತ ಸಡಿಲವಾಗಿ ಮುಷ್ಟಿ ತಾನೇ ತೆರೆಯುತ್ತದೆ. ಕೊಂಚ ಹಿಂದಕ್ಕೆ ಬಾಗಿ ಸ್ಥಿರವಾಗಿದ್ದರೆ ಹಿಡಿತ ಗಟ್ಟಿಯಾಗುತ್ತದೆ. ಹಾಗೆ ಸ್ಥಿರವಾಗಿಡುವವು ಮುಂಗೈಯ ಹೊರಬದಿಯ ಸ್ನಾಯುಗಳು. ಆದುದರಿಂದ ಹಿಂಡುವ ಸಾಧನೆಯೊಂದೇ ಸಾಲದು. ತುದಿಯಲ್ಲಿ ಭಾರವುಳ್ಳ ಮುದ್ಗರವನ್ನು ಸಣ್ಣ ಹಿಡಿಯಲ್ಲಿ ಹಿಡಿದು ಹೆಗಲ ಹಿಂದೆ ತಿರುಗಿಸುವಾಗ ಒಳಬದಿ, ಹೊರಬದಿ, ತಿರುಚುವ ಸ್ನಾಯು ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಕರ್ರಸಾಮಿನಲ್ಲಿ ಹಗುರವಾದ ಕೋಲು ವೇಗವಾಗಿ ಸುತ್ತುವಾಗ ಬಲಕ್ಕಿಂತ ಲಯವೇ ಪ್ರಧಾನ. ಭಾರದ ಗದೆ, ಹಗುರದ ಕೋಲು ಎರಡನ್ನೂ ಒಂದೇ ಗರಡಿಯಲ್ಲಿ ಇಟ್ಟವರು ಈ ಭೇದವನ್ನು ಅನುಭವದಿಂದ ಅರಿತಿದ್ದರು.

20ನೆಯ ಶತಮಾನದಲ್ಲಿ ಈ ಪರಂಪರೆ ಹೊಸ ವೇಷ ತಳೆಯಿತು. ಶ್ರೀಕಾಕುಳಂ ಸೀಮೆಯ ವೀರಘಟ್ಟಂನಲ್ಲಿ ಹುಟ್ಟಿದ ಕೋಡಿ ರಾಮಮೂರ್ತಿ ನಾಯುಡು (1882–1942) ಆಂಧ್ರದ ವಿಜಯನಗರಂನಲ್ಲಿ ಬೆಳೆದು, ವ್ಯಾಯಾಮ ಶಿಕ್ಷಕರಾಗಿ, ಬಳಿಕ ಸರ್ಕಸ್ ಕಟ್ಟಿ, ಕಬ್ಬಿಣದ ಸರಪಳಿ ಹರಿಯುವ ಸಾಹಸದಿಂದ ಕಲಿಯುಗ ಭೀಮನೆನಿಸಿದರು. ವಿಜಯವಾಡದಲ್ಲಿ ಭಾರ ಎತ್ತುವ ಸ್ಪರ್ಧೆಗಳಿಂದ ಹೆಸರಾದ ದಂಡಮೂಡಿ ರಾಜಗೋಪಾಲರು 1963ರ ‘ನರ್ತನಶಾಲ’ ಚಿತ್ರದಲ್ಲಿ ಭೀಮನ ಪಾತ್ರ ವಹಿಸಿದರು. ಆ ನಗರದ ಒಳಾಂಗಣ ಕ್ರೀಡಾಂಗಣಕ್ಕೆ ಅವರದೇ ಹೆಸರು. ಬೆಂಗಳೂರಿನಲ್ಲಿ ‘ಶಾಂತಲಾ’ ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ವ್ಯಾಯಾಮಶಾಲೆಯನ್ನು ನಡೆಸಿ, ಸೂರ್ಯನಮಸ್ಕಾರವನ್ನೂ ಆಧುನಿಕ ಅಂಗಸಾಧನೆಯನ್ನೂ ಒಂದೇ ಸೂರಿನಡಿ ತಂದರು.

ಆದರೆ ರ‍್ಯಾಕೆಟ್ಟಿನ ಆಟವು ಗರಡಿಗೆ ಹೊಸ ಪ್ರಶ್ನೆಯೊಡ್ಡಿತು. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ತೂಕ 100 ಗ್ರಾಮಿಗಿಂತ ಕಡಿಮೆ. ಶಟಲ್ ಕಾಕಿನದು 4.74ರಿಂದ 5.50 ಗ್ರಾಮ್. ದಕ್ಷಿಣದಲ್ಲಿ ಹುಟ್ಟಿ ಆಂಧ್ರ, ಕರ್ನಾಟಕಗಳೆರಡರಲ್ಲಿಯೂ ಬೇರೂರಿದ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಉಣ್ಣೆಯ ಚೆಂಡೇ 27ರಿಂದ 30 ಗ್ರಾಮ್ ಇದ್ದು, ರ‍್ಯಾಕೆಟ್ಟೂ ಹೆಚ್ಚು ತೂಕವುಳ್ಳದ್ದು. ಎರಡರಲ್ಲಿಯೂ ಏಟಿನ ಬಲ ಬರುವುದು ಮುಂಗೈಯನ್ನು ಒಳಕ್ಕೂ ಹೊರಕ್ಕೂ ತಿರುಚುವುದರಿಂದ. ಬೆರಳುಗಳು ಸಡಿಲವಾಗಿದ್ದು, ತಗಲುವ ಕ್ಷಣದಲ್ಲಿ ಮಾತ್ರ ಬಿಗಿಯಬೇಕು. ಸದಾ ಬಿಗಿದ ಮುಷ್ಟಿ ವೇಗವನ್ನು ಕೊಲ್ಲುತ್ತದೆ. ಮೊಣಕೈಯ ಹೊರಬದಿಗೆ ನೋವನ್ನೂ ತರುತ್ತದೆ. ಲಾನ್ ಟೆನಿಸ್ ಹುಟ್ಟಿದ ಕೆಲವೇ ವರ್ಷಗಳಲ್ಲಿ, 1880ರ ದಶಕದಲ್ಲಿಯೇ, ವೈದ್ಯರು ಈ ನೋವಿಗೆ ಆಟದ ಹೆಸರನ್ನೇ ಇಟ್ಟರು. ಭಾರಕ್ಕಾಗಿ ಕಲಿತ ಬಿಗಿತವನ್ನು ಹಾಗೆಯೇ ಅಂಗಳಕ್ಕೆ ತಂದವನಿಗೆ ಗರಡಿಯ ವರವೇ ಶಾಪವಾದೀತು. ದೊಣ್ಣೆವರಸೆಯ ಸಡಿಲತನವನ್ನು ತಂದವನಿಗೆ ಅದು ವರವಾಗಿಯೇ ಉಳಿಯುತ್ತದೆ.

ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಆಡಿ ಬೆಳೆದ ಪ್ರಕಾಶ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದದ್ದು ಇಂಥ ಮೃದುವಾದ ಕೈಚಳಕದಿಂದ. ಆಂಧ್ರದ ಪ್ರಕಾಶಂ ಜಿಲ್ಲೆಯ ಮೂಲದ ಪುಲ್ಲೇಲ ಗೋಪಿಚಂದರು ಬೆಂಗಳೂರಿನಲ್ಲಿ ಪಡುಕೋಣೆಯವರ ಬಳಿ ಅಭ್ಯಾಸ ಮಾಡಿ 2001ರಲ್ಲಿ ಅದೇ ಪ್ರಶಸ್ತಿಯನ್ನು ಪಡೆದರು. ಆ ಗೌರವ ಪಡೆದ ಮೊದಲ ಇಬ್ಬರು ಭಾರತೀಯರ ನಡುವೆ ಗುರುಶಿಷ್ಯ ಸಂಬಂಧವಿರುವುದೂ, ಆ ಸಂಬಂಧ ಕನ್ನಡ-ಆಂಧ್ರಗಳ ಗಡಿಯನ್ನು ದಾಟಿರುವುದೂ ಸ್ಮರಣೀಯ.

ಗರಡಿಗಳು ನಗರಗಳಲ್ಲಿ ವಿರಳವಾಗುತ್ತಿವೆ. ವಲಸೆ ಬಂದ ಕುಟುಂಬಗಳ ಮಕ್ಕಳು ರ‍್ಯಾಕೆಟ್ಟನ್ನು ಬಲ್ಲರು, ಮುದ್ಗರವನ್ನು ಅರಿಯರು. ಉಸ್ತಾದನ ಬಾಯಲ್ಲಿರುವ ವರಸೆಗಳ ಹೆಸರು, ಕಲ್ಲುಗಳ ತೂಕ, ಅಭ್ಯಾಸದ ಕ್ರಮ ಇವುಗಳಲ್ಲಿ ಬರಹಕ್ಕೆ ಇಳಿದದ್ದು ಅತ್ಯಲ್ಪ. ಎರಡೂ ಭಾಷೆಗಳನ್ನು ಬಲ್ಲ ಕನ್ನಡಿಗರು ಕೃಷ್ಣಾತೀರದಲ್ಲಿಯೂ ಸಿಂಹಾಚಲದ ಸೀಮೆಯಲ್ಲಿಯೂ ಇರುವುದರಿಂದ, ಸಂಗ್ರಾಣಿ ಮತ್ತು ಸಂಗಿಡಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಕಾರ್ಯ ಅವರಿಗೇ ಸುಲಭಸಾಧ್ಯ. ಅದು ಹಿರಿಯರು ಬದುಕಿರುವಾಗಲೇ ನಡೆಯಬೇಕಾದ ಕಾರ್ಯ.