ಬೆರಳಿಗೊಂದು ಚುಚ್ಚು... ಆಮೇಲೆ?

ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಇದೆ. ಬಹಳ ಜನಕ್ಕೆ ಅದು ವಾಕಿಂಗ್ ಹೋಗುವ ಮೈದಾನ ಅಷ್ಟೇ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಲಸಿಕೆಯವರು ಊರೂರು ಅಲೆದರು, 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಲ್ಲಿ ತೋಳಿಗೆ ಚುಚ್ಚಿದರೆ ಕೆಲಸ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆಯಲ್ಲಿ ಉಲ್ಟಾ. ಬೆರಳಿಗೆ ಚುಚ್ಚಿದ ಮೇಲೇ ಕೆಲಸ ಶುರು!

ಈ ಪರೀಕ್ಷೆಯ ಇತಿಹಾಸ ಸ್ವಾರಸ್ಯವಾಗಿದೆ ನೋಡಿ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ‘ಮಧುಮೇಹ’ ಎಂಬ ಹೆಸರಲ್ಲೇ ಆ ಸಿಹಿ ಇದೆ. ಅದು ಸಕ್ಕರೆಯೇ ಎಂದು 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ತೋರಿಸಿದ. 20ನೇ ಶತಮಾನದ ಆರಂಭದಲ್ಲಿ ಬೆನೆಡಿಕ್ಟ್ ದ್ರಾವಣ ಬಂತು. ಕಾಲೇಜಿನ ಲ್ಯಾಬಿನಲ್ಲಿ ನೀವೂ ನೋಡಿರಬಹುದು: ಸಕ್ಕರೆ ಇದ್ದರೆ, ಕಾಯಿಸಿದಾಗ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟದೆ ಅದು ಮೂತ್ರಕ್ಕೆ ಇಳಿಯುವುದಿಲ್ಲ. ಹಾಗಾಗಿ ಆರಂಭದ ಕಾಯಿಲೆ ತಪ್ಪಿಸಿಕೊಳ್ಳುತ್ತಿತ್ತು. 1970ರ ನಂತರ ಬಂದ ಗ್ಲುಕೋಮೀಟರ್ ರಕ್ತವನ್ನೇ ಕೇಳಿತು.

ನಮ್ಮ ಸರ್ಕಾರ 2008ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗ ಮಾಡಿತು, 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ತಂದಿತು. 2017ರಿಂದ 30 ದಾಟಿದ ಎಲ್ಲರ ತಪಾಸಣೆ ಶುರುವಾಯಿತು. ಆಶಾ ಕಾರ್ಯಕರ್ತೆ ಮನೆಗೇ ಬಂದು ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ಬೆರಳಿನ ಪರೀಕ್ಷೆಯಲ್ಲಿ 140 ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ. ಅಲ್ಲಿ ಖಚಿತವಾಗಬೇಕು, ತೊಡಕಿದ್ದರೆ ತಾಲೂಕು, ಜಿಲ್ಲಾ ಆಸ್ಪತ್ರೆ.

ಕಾಗದದ ಮೇಲೆ ಈ ಸರಪಳಿ ಚೆಂದ. ಖಾನಾಪುರದಲ್ಲಿ ನಿಂತು ನೋಡಿ. ಪಟ್ಟಣದಿಂದ ಬೆಳಗಾವಿ ಸುಮಾರು 26 ಕಿ.ಮೀ. ಆದರೆ ಭೀಮಗಡದ ಕಾಡಿನೂರುಗಳಿಂದ ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಕೂಲಿ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಬಸ್ಸು ಹಿಡಿಯಬೇಕು... ಅದೂ ನೋವೇ ಇಲ್ಲದ ಕಾಯಿಲೆಗೆ! “ನನಗೇನ್ ಆಗೇತ್ರಿ?” ಅಂದರೆ ತಪ್ಪೇನು? ಜೊತೆಗೆ ಅಲ್ಲಿ ಎಷ್ಟೋ ಮನೆಗಳ ಮಾತು ಮರಾಠಿ. ಚೀಟಿ ಕೊಟ್ಟರೆ ಸಾಲದು, ಅವರ ಮಾತಲ್ಲೇ ತಿಳಿಸಬೇಕು.

ಇನ್ನೂ ಒಂದು ಗುಂಪಿದೆ. ಸಕ್ಕರೆ ಸ್ವಲ್ಪ ಹೆಚ್ಚು, ಆದರೆ ಕಾಯಿಲೆಯಲ್ಲ. ಇವರನ್ನು “ಏನಿಲ್ಲ ಹೋಗಿ” ಅಂತ ಕಳಿಸುವುದೇ ಹೆಚ್ಚು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥವರಿಗೆ ಊಟ-ನಡಿಗೆಯ ಸಲಹೆ ಕೊಟ್ಟು ಬೆನ್ನು ಹತ್ತಿದ್ದರಿಂದ ಮಧುಮೇಹದ ಅಪಾಯ ಶೇ. 28.5ರಷ್ಟು ಇಳಿಯಿತು. ಗುಟ್ಟು ಇರುವುದು ಬೆನ್ನು ಹತ್ತುವುದರಲ್ಲಿ.

ನಾವು ಪ್ರೋಗ್ರಾಂ ಬರೆಯುವವರು ಸಂದೇಶ ಕಳಿಸಿ ಸುಮ್ಮನಾಗುವುದಿಲ್ಲ, ‘ತಲುಪಿತು’ ಎಂಬ ಉತ್ತರಕ್ಕೆ ಕಾಯುತ್ತೇವೆ. ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತೇವೆ. ಚೀಟಿಗೂ ಹಾಗೇ ಆಗಬೇಕು: ಯಾರು ಆಸ್ಪತ್ರೆಗೆ ಬಂದರು, ಯಾರು ಬರಲಿಲ್ಲ ಎಂಬುದು ಅದೇ ವಾರ ಆಶಾ ಕಾರ್ಯಕರ್ತೆಗೆ ತಿಳಿಯಬೇಕು. ಎಷ್ಟು ಬೆರಳು ಚುಚ್ಚಿದೆವು ಎಂಬ ಲೆಕ್ಕದ ಪಕ್ಕದಲ್ಲೇ ಎಷ್ಟು ಜನ ಚಿಕಿತ್ಸೆಯಲ್ಲಿ ಉಳಿದರು ಎಂಬ ಲೆಕ್ಕವೂ ಇರಲಿ. ಅಲ್ಲಿಯವರೆಗೆ ನಮ್ಮ ಮನೆಯ ಹಿರಿಯರನ್ನು ನಾವಾದರೂ ಕೇಳೋಣ, “ಆ ಚೀಟಿ ಏನಾಯ್ತು?” ಅಂತ.