ಕೃಷಿ ಹೊಂಡ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ

ಹೊಲದ ಮೇಲೆ ಬಿದ್ದು ಹರಿದುಹೋಗುವ ಮಳೆನೀರನ್ನು, ಕೆಲವೆಡೆ ಕಾಲುವೆಯ ನೀರನ್ನು, ಹೊಲದಲ್ಲೇ ಹಿಡಿದಿಡಲು ತೋಡುವ ಚೌಕ ಅಥವಾ ಆಯತಾಕಾರದ ಗುಂಡಿಗೆ ಕೃಷಿ ಹೊಂಡ ಎಂದು ಹೆಸರು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಇವು ಹೆಚ್ಚಾಗಿವೆ. ಅಗೆತ ಹಿಟಾಚಿಗೆ ಒಂದೆರಡು ದಿನದ ಕೆಲಸ. ಆ ಗುಂಡಿಯಲ್ಲಿ ನೀರು ನಿಂತು, ದಂಡೆ ಗಟ್ಟಿಯಾಗಿ, ಅದು ಹೊಂಡವೆನಿಸಿಕೊಳ್ಳಲು ಕಡಿಮೆಯೆಂದರೂ ಎರಡು ಮಳೆಗಾಲ ಹಿಡಿಯುತ್ತದೆ. ಈ ಸೀಮೆಯಲ್ಲಿ ಒಣಗಿ ಬಿದ್ದಿರುವ ಹೊಂಡಗಳನ್ನು ನೋಡಿದರೆ ಬಹುಪಾಲು ಅಗೆತದಲ್ಲಿ ಕೆಟ್ಟವಲ್ಲ, ಅಗೆತದ ಮುಂಚೆ ಮಣ್ಣು ನೋಡದೆ, ಆಮೇಲೆ ಆರೈಕೆ ಮಾಡದೆ ಕೆಟ್ಟವು.

ಮೂರೂ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೀರಿನ ವಿಚಾರದಲ್ಲಿ ಬೇರೆಬೇರೆ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಎರೆ ಭೂಮಿಯನ್ನು ಭತ್ತದ ನಾಡಾಗಿ ಮಾಡಿದೆ. ಲಿಂಗಸುಗೂರಿನ ಒಂದು ಭಾಗಕ್ಕೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬರುತ್ತದೆ. ಮುದಗಲ್ಲಿನ ಕಡೆ ಬಹಳಷ್ಟು ಹೊಲಗಳು ಇಂದಿಗೂ ಮಳೆಯನ್ನೇ ನಂಬಿವೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ರಚಿಸಿದ ಮಸ್ಕಿ ತಾಲ್ಲೂಕಿನಲ್ಲಿ ನೀರಾವರಿ ಕಂಡ ಊರು, ಕಾಣದ ಊರು ಎರಡೂ ಇವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಈ ಅಂತರದಿಂದಲೇ. ಕಾಲುವೆ ಇದ್ದವರಿಗೂ ನಿಶ್ಚಿಂತೆಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕಾಲುವೆಯ ಕೊನೆ ಭಾಗದ ರೈತರಷ್ಟೇ ಅಲ್ಲ, ಮೇಲ್ಭಾಗದವರೂ ಆತಂಕಪಟ್ಟರು.

ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹುಬ್ಬಿ, ಉತ್ತರಿ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ. ಹೊಂಡದ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿದೆ. ಜೂನ್–ಜುಲೈ ಮಳೆಗೆ ಹೊಂಡ ಅರ್ಧ ತುಂಬಿದರೂ ಸಾಕು, ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ಮುಂಗಾರಿ ಬೆಳೆಗೆ ಒಮ್ಮೆ ನೀರು ಕೊಡಬಹುದು. ಸೆಪ್ಟೆಂಬರ್ ಮಳೆಗೆ ಮತ್ತೆ ತುಂಬಿದ್ದು ತೊಗರಿ ಹೂ ಬಿಡುವಾಗ, ಕಡಲೆ ಕಾಯಿ ಕಟ್ಟುವಾಗ ಕೆಲಸಕ್ಕೆ ಬರುತ್ತದೆ. ಒಂದೇ ಹೊಂಡ ವರ್ಷಕ್ಕೆ ಎರಡು ಸಲ ತುಂಬಿ ಎರಡು ಸಲ ಖಾಲಿಯಾದರೆ ಅದು ಚೆನ್ನಾಗಿ ದುಡಿದ ಹೊಂಡ. ನೀರು ಉಳಿಸಬೇಕೆಂದು ಮಾರ್ಚಿನವರೆಗೆ ಮುಟ್ಟದೆ ಇಟ್ಟುಕೊಳ್ಳುವವರು ಅದನ್ನು ಬಿಸಿಲಿಗೆ ಕೊಡುತ್ತಾರೆ: ದಿನಕ್ಕೆ 7 ಮಿ.ಮೀ. ಆವಿಯಾದರೆ 21 ಮೀಟರ್ ಚೌಕದ ತುಂಬಿದ ಹೊಂಡದಿಂದ ದಿನವೂ ಮೂರು ಸಾವಿರ ಲೀಟರ್ ಹೋಗುತ್ತದೆ.

ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಹೊಂಡವನ್ನು ಮನೆಮಾತಾಗಿಸಿತು. ಕ್ಷೇತ್ರ ಬದು, ಹೊಂಡ, ತಳಕ್ಕೆ ಹಾಸುವ ಪಾಲಿಥೀನ್ ತಾಡಪಲ್, ಡೀಸೆಲ್ ಪಂಪು, ತುಂತುರು ಅಥವಾ ಹನಿ ನೀರಾವರಿ ಇವಿಷ್ಟನ್ನೂ ಒಟ್ಟಿಗೆ ಕೊಡುವುದು ಅದರ ವಿಶೇಷ. ಹೊಂಡಕ್ಕೆ ಸಾಮಾನ್ಯ ವರ್ಗದ ರೈತರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ. 90 ಸಹಾಯಧನವಿತ್ತು. ನಡುವೆ ನಿಂತಿದ್ದ ಯೋಜನೆ 2023–24ರಲ್ಲಿ ಮತ್ತೆ ಜಾರಿಗೆ ಬಂತು. ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಉದ್ಯೋಗ ಖಾತ್ರಿಯಲ್ಲಿ ಕೂಲಿಕಾರರು ಕೈಯಿಂದ ತೋಡಿದ ಹೊಂಡಗಳೂ ಈ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ.

ಯೋಜನೆಯ ಹೊಂಡಗಳು 10, 12, 15, 18, 21 ಮೀಟರ್ ಚೌಕ. ಆಳ ಮೂರು ಮೀಟರ್. ದಂಡೆಯ ಇಳಿಜಾರು ಒಂದಕ್ಕೊಂದು ಇದ್ದರೆ 10 ಮೀಟರಿನದು 1.56 ಲಕ್ಷ ಲೀಟರ್, 21 ಮೀಟರಿನದು 9.81 ಲಕ್ಷ ಲೀಟರ್ ಹಿಡಿಯುತ್ತದೆ. ಎರೆ ಮಣ್ಣಿಗೆ ಈ ಇಳಿಜಾರು ಸಾಲದು. ನೀರು ಕುಡಿದು ಉಬ್ಬುವ, ಬಿಸಿಲಿಗೆ ಬಿರಿಯುವ ಈ ಮಣ್ಣು ಕಡಿದಾದ ದಂಡೆಯಲ್ಲಿ ನಿಲ್ಲದೆ ಮೊದಲ ಮಳೆಗಾಲದಲ್ಲೇ ಹೆಂಟೆ ಹೆಂಟೆಯಾಗಿ ಒಳಗೆ ಬೀಳುತ್ತದೆ. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬಿಟ್ಟರೆ 21 ಮೀಟರಿನ ಹೊಂಡದಲ್ಲಿ 8.37 ಲಕ್ಷ ಲೀಟರ್ ಮಾತ್ರ ಉಳಿಯುತ್ತದೆ. ಆ ಒಂದೂವರೆ ಲಕ್ಷ ಲೀಟರಿನ ಆಸೆ ಬಿಡುವುದೇ ಲೇಸು, ಕುಸಿದ ಮಣ್ಣು ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಉಳಿಯುವ 8.37 ಲಕ್ಷ ಲೀಟರಿನಲ್ಲಿ ನಾಲ್ಕು ಎಕರೆಗೆ ಒಮ್ಮೆ ಎರಡು ಇಂಚಿನಷ್ಟು ಹಾಯಿಸಬಹುದು. ತುಂತುರು ಪೈಪು ಇದ್ದರೆ ಇನ್ನೂ ಹೆಚ್ಚು ನೆಲ ತೋಯುತ್ತದೆ.

ದೊಡ್ಡ ಹೊಂಡ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ತುಂಬುವಷ್ಟು ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಐದು ಎಕರೆ, ಅಂದರೆ ಎರಡು ಹೆಕ್ಟೇರ್ ಹೊಲದ ಮೇಲೆ 60 ಮಿ.ಮೀ. ಮಳೆ ಒಂದೇ ಹೊಡೆತಕ್ಕೆ ಸುರಿದು ಅದರ ಕಾಲುಭಾಗ ಹರಿದು ಬಂದರೆ ಸಿಗುವುದು ಮೂರು ಲಕ್ಷ ಲೀಟರ್. ಅಂಥ ಮಳೆ ಇಲ್ಲಿ ವರ್ಷಕ್ಕೆ ಹಲವು ಬಾರಿ ಬರುವುದಿಲ್ಲ. ಐದು ಎಕರೆಯವರಿಗೆ 12 ಅಥವಾ 15 ಮೀಟರಿನ ಹೊಂಡವೇ ತಕ್ಕದ್ದು. ಹೊಲದ ತಗ್ಗಿನ ಮೂಲೆಯಲ್ಲಿ, ಹರಿವಿನ ದಾರಿಯ ಮಗ್ಗುಲಲ್ಲಿ ಜಾಗ ಹಿಡಿಯಬೇಕು. ಹಳ್ಳದ ಒಳಗೇ ತೋಡಿದ ಹೊಂಡ ಒಂದು ದೊಡ್ಡ ಮಳೆಗೆ ಹೂಳು ತುಂಬಿ ಮುಚ್ಚಿಹೋಗುತ್ತದೆ.

ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯಕ್ಕಿಂತ ಮೊದಲು ಬೇಕಾದದ್ದು ಒಂದು ಪರೀಕ್ಷಾ ಗುಂಡಿ. ಹೊಂಡದ ಜಾಗದಲ್ಲಿ ಮೂರು ಮೀಟರಿಗಿಂತ ಸ್ವಲ್ಪ ಆಳಕ್ಕೆ ತೋಡಿ ಪದರಗಳನ್ನು ನೋಡಬೇಕು, ನೀರು ತುಂಬಿ ಒಂದು ರಾತ್ರಿ ಬಿಡಬೇಕು. ಹಟ್ಟಿಯಿಂದ ಮಸ್ಕಿಯವರೆಗೆ ಚಾಚಿರುವ, ಚಿನ್ನದ ಅದಿರಿಗೆ ಹೆಸರಾದ ಶಿಲಾಪಟ್ಟಿಯಲ್ಲೂ ಅದರ ಸುತ್ತಲಿನ ಗ್ರಾನೈಟ್ ನೆಲದಲ್ಲೂ ಎರೆ ಪದರ ತೆಳುವಾಗಿದ್ದು ಕೆಳಗೆ ಗರಸು ಸಿಗುವುದು ಸಾಮಾನ್ಯ. ಅಲ್ಲಿ ಆಳ ಹೆಚ್ಚಿಸಲು ಹೋಗಿ ಗರಸು ಮುಟ್ಟಿದರೆ ನೀರು ಕೆಳಗೆ ಇಳಿದುಹೋಗುತ್ತದೆ. ಎರೆ ಪದರದಲ್ಲೇ ಅಗೆತ ನಿಲ್ಲಿಸಿ, ಆಳದ ಬದಲು ಅಗಲ ಹೆಚ್ಚಿಸಬೇಕು. ತಪ್ಪಿ ಗರಸು ಕಂಡರೆ ಅದರ ಮೇಲೆ ಒಂದೂವರೆ ಅಡಿಯಷ್ಟು ಎರೆ ಮಣ್ಣು ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಸಿಂಧನೂರು ಕಡೆ ಭತ್ತದ ಗದ್ದೆ ಕೆಸರು ಮಾಡುವ ಕೇಜ್‌ವೀಲ್ ಟ್ರ್ಯಾಕ್ಟರನ್ನೇ ಹೊಂಡದ ತಳಕ್ಕೆ ಇಳಿಸಿ ತುಳಿಸಬಹುದು.

ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಎರಡು ದಾರಿಗಳಿವೆ, ಒಂದನ್ನು ಆರಿಸಿಕೊಳ್ಳಬೇಕು. ನೀರು ಕೂಡಿಡಬೇಕೆಂದರೆ 500 ಮೈಕ್ರಾನ್ ದಪ್ಪದ ಹಾಳೆ ಹಾಸಬೇಕು. ಹತ್ತಿರದ ಬಾವಿ, ಕೊಳವೆಬಾವಿಗೆ ಮರುಪೂರಣ ಆಗಬೇಕೆಂದರೆ ಹಾಸದೆ ಬಿಡಬೇಕು. ಬೋರು ಬತ್ತುತ್ತಿರುವ ಮಸಾರಿ ಊರುಗಳಿಗೆ ಇಂಗುವ ಹೊಂಡವೂ ಲಾಭದ್ದೇ. ಅದನ್ನು ನೀರು ನಿಲ್ಲದ ಹೊಂಡವೆಂದು ಬೈಯುವುದು ಸರಿಯಲ್ಲ.

ಸಿಂಧನೂರಿನ ಕಾಲುವೆ ಸೀಮೆಯ ತೊಡಕು ಬೇರೆಯೇ. ದಶಕಗಳ ಭತ್ತದಿಂದ ಅಂತರ್ಜಲ ಮೇಲೆ ಬಂದು ಎಷ್ಟೋ ಜಮೀನು ಸವಳು, ಜವಳು ಆಗಿವೆ. ಅಲ್ಲಿ ತೋಡಿದ ಗುಂಡಿಗೆ ಮಳೆಯಿಲ್ಲದೆಯೂ ಬಸಿನೀರು ಬಂದು ತುಂಬುತ್ತದೆ. ಈ ನೀರನ್ನು ಪರೀಕ್ಷೆ ಮಾಡಿಸದೆ ಬೆಳೆಗೆ ಹಾಯಿಸಬಾರದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಸವಳು ಮಣ್ಣಿನ ಸಂಶೋಧನೆ ನಡೆಸುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ವಿಚಾರದಲ್ಲಿ ಅನುಭವ ಉಳ್ಳವು. ಅಗೆದು ತೆಗೆದ ಕೆಳಮಣ್ಣನ್ನೂ ಹೊಲಕ್ಕೆ ಹರಡಬಾರದು, ಅದರೊಳಗಿನ ಉಪ್ಪು ಹೊಲಕ್ಕೆ ಬರುತ್ತದೆ. ಸೋಡಿಯಂ ಹೆಚ್ಚಿರುವ ಮಣ್ಣಿನ ದಂಡೆ ಮಳೆಗೆ ಕರಗಿ ಒಳಗೊಳಗೇ ಬಿಲಗಳಾಗುತ್ತವೆ, ನೀರು ತಿಂಗಳುಗಟ್ಟಲೆ ಕದಡಿಯೇ ಇರುತ್ತದೆ. ಎರಡಕ್ಕೂ ಜಿಪ್ಸಂ ಮದ್ದು. ಕಾಲುವೆ ನೀರು ತುಂಬಿಸಿಕೊಳ್ಳಲು ಎಕರೆಗಟ್ಟಲೆ ಹೊಂಡ ತೋಡುವವರೂ ಇದ್ದಾರೆ. ಸರದಿಯಲ್ಲಿ ತಮ್ಮ ಪಾಲಿಗೆ ಬಂದ ನೀರು ಕೂಡಿಟ್ಟರೆ ಅದು ಜಾಣತನ. ಕಾಲುವೆಗೆ ಪಂಪು ಹಚ್ಚಿ ಎಳೆದರೆ ಅದು 1965ರ ಕರ್ನಾಟಕ ನೀರಾವರಿ ಅಧಿನಿಯಮದಡಿ ಅಪರಾಧ, ಕೊನೆ ಭಾಗದ ರೈತನ ಗದ್ದೆ ಒಣಗಿಸುವ ಕೆಲಸ ಕೂಡ.

ಅಗೆಯುವಾಗ ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿಕೊಳ್ಳಬೇಕು. ಅದು ಹೊಲಕ್ಕೂ ದಂಡೆಯ ಮೇಲ್ಪದರಕ್ಕೂ ಬೇಕು. ಉಳಿದ ಮಣ್ಣು ಹೊಂಡದ ಅಂಚಿನಿಂದ ಕನಿಷ್ಠ ಒಂದು ಮೀಟರ್ ಆಚೆ ಬೀಳಬೇಕು. ನೀರು ಒಳಬರುವ ಬಾಯಿಗೆ ಕಲ್ಲು ಹಾಸಿ, ಅದರ ಮುಂದೆ ಒಂದು ಹೂಳು ಗುಂಡಿ ಮಾಡಬೇಕು. ಹೆಚ್ಚಾದ ನೀರು ಹೊರಹೋಗುವ ಕೋಡಿ ದಂಡೆಗಿಂತ ಒಂದೂವರೆ ಅಡಿ ಕೆಳಗಿರಲಿ. ಕೋಡಿಯಿಲ್ಲದ ಹೊಂಡ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ದಂಡೆಗೆ ಕರಕಿ, ಲಾವಂಚ ಹಚ್ಚಿ, ಹೊರಮೈಯಲ್ಲಿ ತೊಗರಿ ಹಾಕಬಹುದು. ಬಳ್ಳಾರಿ ಜಾಲಿ ತಾನಾಗಿ ಹುಟ್ಟುತ್ತದೆ, ಸಸಿ ಇದ್ದಾಗಲೇ ಕಿತ್ತುಹಾಕಬೇಕು. ಬೇರು ಬಲಿತರೆ ದಂಡೆ ಬಿರಿಯುತ್ತದೆ.

ಬೇಲಿಯ ವಿಚಾರದಲ್ಲಿ ರಾಜಿ ಕೂಡದು. ರಾಜ್ಯದಲ್ಲಿ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ಪ್ರತಿ ವರ್ಷವೂ ಬರುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡ ಎಲ್ಲಕ್ಕಿಂತ ಅಪಾಯಕಾರಿ: ಒದ್ದೆಯಾದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಸುತ್ತ ತಂತಿ ಬೇಲಿ, ಬೀಗವಿರುವ ಗೇಟು, ನಾಲ್ಕೂ ದಂಡೆಗೆ ಗೂಟಕ್ಕೆ ಕಟ್ಟಿ ಇಳಿಬಿಟ್ಟ ಗಂಟಿನ ಹಗ್ಗ, ಸಾಧ್ಯವಾದರೆ ಹಳೆ ಟೈರುಗಳ ಮೆಟ್ಟಿಲು. ಹಣ ಸಾಲದಿದ್ದರೆ ಪಂಪು ಮುಂದಿನ ವರ್ಷ ತಂದರಾಯಿತು, ಬೇಲಿ ನೀರು ಬರುವ ಮುನ್ನವೇ ಆಗಬೇಕು.

ಮೊದಲ ಮಳೆಗೆ ಹೊಂಡ ತುಂಬಿದಾಗ ನೀರು ಬೇಗ ಇಳಿದರೆ ಗಾಬರಿ ಬೇಡ. ಎರೆ ಮಣ್ಣು ನೀರು ಕುಡಿದು ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳಲು, ಹೂಳಿನ ನುಣ್ಣನೆಯ ಪದರ ತಳದಲ್ಲಿ ಕೂರಲು ಸಮಯ ಬೇಕು. ಇದಕ್ಕಾಗಿಯೇ ಮೊದಲ ಬೇಸಿಗೆಯಲ್ಲಿ ತಳದ ಒಂದಡಿ ನೀರನ್ನು ಸಾಧ್ಯವಾದಷ್ಟು ದಿನ ಎತ್ತದೆ ಬಿಡುವುದು ಒಳ್ಳೆಯದು; ಪೂರ್ತಿ ಒಣಗಿದರೆ ತಳ ಮತ್ತೆ ಬಿರಿಯುತ್ತದೆ. ಹೊಸ ನೀರಿಗೆ ಮೊದಲು ಬರುವುದು ಸೊಳ್ಳೆ. ಆರೋಗ್ಯ ಇಲಾಖೆ ಕೊಡುವ ಗ್ಯಾಂಬೂಸಿಯಾ, ಗಪ್ಪಿ ಮೀನು ಲಾರ್ವ ತಿನ್ನುತ್ತವೆ, ಗ್ಯಾಂಬೂಸಿಯಾ ಕಪ್ಪೆಮರಿಗಳನ್ನೂ ಬಿಡುವುದಿಲ್ಲ. ಕೆಲವು ವಾರಗಳಲ್ಲಿ ಏರೋಪ್ಲೇನ್ ಚಿಟ್ಟೆ, ಕಪ್ಪೆ ತಾವಾಗಿಯೇ ನೆಲೆಸುತ್ತವೆ. ಹಿಂದೆಯೇ ಬೆಳ್ಳಕ್ಕಿ, ಮಿಂಚುಳ್ಳಿ.

ಮೀನು ಸಾಕಣೆಗೆ ಸಿಂಧನೂರು ಒಳ್ಳೆಯ ಸ್ಥಳ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ಪೂರ್ವ ಬಂಗಾಳದ ನಿರಾಶ್ರಿತರಿಗೆ ಕಟ್ಟಿಕೊಟ್ಟ ಆರ್.ಎಚ್. ಕ್ಯಾಂಪುಗಳು ಇಲ್ಲಿರುವುದರಿಂದ ಹಿಡಿದ ಮೀನಿಗೆ ಗಿರಾಕಿ ದೂರವಿಲ್ಲ. 21 ಮೀಟರಿನ ಹೊಂಡಕ್ಕೆ 200ರಿಂದ 400 ಕಾಟ್ಲಾ, ರೋಹು, ಮೃಗಾಲ್ ಮರಿ ಸಾಕು. ಬಿಡುವ ಮುನ್ನ ಸಗಣಿ ನೀರು ಹಾಕಿ, ನೀರು ತುಸು ಹಸಿರಾಗುವವರೆಗೆ ಕಾಯಬೇಕು. ಸುಣ್ಣ ಹಾಕಿ ಎಂಬ ಪುಸ್ತಕದ ಮಾತು ಕರಾವಳಿಯ ಹುಳಿ ಮಣ್ಣಿಗೆ ಹೊಂದುತ್ತದೆ. ಇಲ್ಲಿಯ ಎರೆ ಮಣ್ಣು ಸ್ವಭಾವತಃ ಕ್ಷಾರ, ಪರೀಕ್ಷೆಯಿಲ್ಲದೆ ಸುಣ್ಣ ಬೇಡ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಔಷಧ ಹೊಡೆದ ಹೊಲದ ನೀರು ಮೀನಿನ ಹೊಂಡಕ್ಕೆ ಬರಕೂಡದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧವಿದೆ. ಬೇಸಿಗೆಯಲ್ಲಿ ನೀರು ಒಂದು ಮೀಟರಿಗೆ ಇಳಿಯುವ ಮೊದಲೇ ಮೀನು ಹಿಡಿದು ಮುಗಿಸಬೇಕು.

ಎರಡನೇ ವರ್ಷದಿಂದ ಆರೈಕೆ ಹಗುರ. ಮುಂಗಾರಿಗೆ ಮೊದಲು ಹೂಳು ಗುಂಡಿ ಬಳಿದು, ಕೋಡಿ ನೋಡಿ, ಕುಸಿದ ದಂಡೆಗೆ ಮಣ್ಣು ಕೊಟ್ಟು, ಆಪು ಜೊಂಡು ಬೆಳೆದಿದ್ದರೆ ಬುಡಸಮೇತ ತೆಗೆಯಬೇಕು. ಲಿಂಗಸುಗೂರು, ಮಸ್ಕಿಯ ಒಣ ಹೊಲಗಳಲ್ಲಿ ತಳದಿಂದ ಎತ್ತಿದ ಹೂಳನ್ನು ಮಸಾರಿ ಭೂಮಿಗೆ ಹೇರಿದರೆ ಗೊಬ್ಬರದಷ್ಟೇ ಬೆಲೆ. ಸವಳು ಸೀಮೆಯ ಹೂಳನ್ನು ಹೊಲಕ್ಕೆ ತರದೆ ದಂಡೆಯ ಹೊರಮೈಗೇ ಹಾಕಬೇಕು.