ಕಾರಿನ ಬಾಡಿ ದುರಸ್ತಿಯಲ್ಲಿ ಬಳಸುವ ವೆಲ್ಡಿಂಗ್ ವಿಧಾನಗಳು

ಪೀಠಿಕೆ
ಇಂದಿನ ಬಹುಪಾಲು ಕಾರುಗಳಲ್ಲಿ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ತೆಳುವಾದ ಉಕ್ಕಿನ ಹಾಳೆಗಳನ್ನು ಬೆಸೆದು ರೂಪಿಸಿದ ಬಾಡಿಯೇ ಭಾರವನ್ನು ಹೊರುತ್ತದೆ ಹಾಗೂ ಅಪಘಾತದ ಸಂದರ್ಭದಲ್ಲಿ ಪ್ರಯಾಣಿಕರನ್ನು ರಕ್ಷಿಸುತ್ತದೆ. ಆದುದರಿಂದ ದುರಸ್ತಿಯಲ್ಲಿ ಸೂಕ್ತ ಬೆಸುಗೆ ವಿಧಾನವನ್ನು ಆಯ್ಕೆ ಮಾಡುವುದು ಅತ್ಯಗತ್ಯ.

ವಿಧಾನಗಳು
1. ಗ್ಯಾಸ್ ವೆಲ್ಡಿಂಗ್: ಆಮ್ಲಜನಕ ಮತ್ತು ಅಸಿಟಲೀನ್ ಅನಿಲಗಳ ಜ್ವಾಲೆಯು 3,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖವನ್ನು ನೀಡುತ್ತದೆ. ಟಿಂಕರಿಂಗ್ ಕೆಲಸದಲ್ಲಿ ಇದು ಹಳೆಯ ರೂಢಿ. ಶಾಖವು ಸುತ್ತಲೂ ಹರಡುವುದರಿಂದ ಹಾಳೆಯು ಸೊಟ್ಟಗಾಗುತ್ತದೆ. ಅಧಿಕ ಸಾಮರ್ಥ್ಯದ ಉಕ್ಕು ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

2. ಆರ್ಕ್ ವೆಲ್ಡಿಂಗ್: ಗೇಟು, ಗ್ರಿಲ್‌ಗಳಿಗೆ ಬಳಸುವ ಈ ಕಡ್ಡಿ ವೆಲ್ಡಿಂಗ್‌ನಿಂದ 1 ಮಿ.ಮೀ.ಗಿಂತ ತೆಳುವಾದ ಹಾಳೆಯು ಸುಲಭವಾಗಿ ತೂತು ಬೀಳುವುದರಿಂದ ಬಾಡಿ ಕೆಲಸಕ್ಕೆ ಇದು ಸೂಕ್ತವಲ್ಲ.

3. ಮಿಗ್ ವೆಲ್ಡಿಂಗ್: ಗ್ಯಾರೇಜುಗಳಲ್ಲಿ ಇದನ್ನು 'ಸಿಓ2 ವೆಲ್ಡಿಂಗ್' ಎಂದೂ ಕರೆಯುತ್ತಾರೆ. 0.6 ಅಥವಾ 0.8 ಮಿ.ಮೀ. ತಂತಿಯು ಯಂತ್ರದಿಂದ ತಾನಾಗಿ ಬರುತ್ತದೆ; ಇಂಗಾಲದ ಡೈಆಕ್ಸೈಡ್ ಅಥವಾ ಆರ್ಗಾನ್ ಮಿಶ್ರಣವು ಬೆಸುಗೆಯನ್ನು ಗಾಳಿಯಿಂದ ಕಾಪಾಡುತ್ತದೆ. ಉದ್ದಕ್ಕೆ ಒಂದೇ ಸಮನೆ ಬೆಸೆಯದೆ, ಚಿಕ್ಕ ಚಿಕ್ಕ ತುಂಡುಗಳಾಗಿ, ನಡುವೆ ತಣಿಯಲು ಬಿಟ್ಟು ಬೆಸೆಯತಕ್ಕದ್ದು.

4. ಸ್ಪಾಟ್ ವೆಲ್ಡಿಂಗ್: ಎರಡು ತಾಮ್ರದ ವಿದ್ಯುದ್ವಾರಗಳ ನಡುವೆ ಹಾಳೆಗಳನ್ನು ಒತ್ತಿ ವಿದ್ಯುತ್ ಹರಿಸಲಾಗುತ್ತದೆ. ಕಾರ್ಖಾನೆಯಲ್ಲಿ ಒಂದು ಕಾರಿಗೆ ಇಂತಹ ಸಾವಿರಾರು ಬೆಸುಗೆಗಳನ್ನು ಹಾಕಲಾಗುತ್ತದೆ. ಎರಡೂ ಬದಿಯಿಂದ ತಲುಪಲಾಗದ ಕಡೆ, ತಯಾರಕರು ಅನುಮತಿಸಿದಲ್ಲಿ, ಮೇಲಿನ ಹಾಳೆಗೆ ರಂಧ್ರ ಕೊರೆದು ಮಿಗ್‌ನಿಂದ ತುಂಬುವ ಪ್ಲಗ್ ವೆಲ್ಡಿಂಗ್ ಬಳಸಬಹುದು.

5. ಟಿಗ್ ವೆಲ್ಡಿಂಗ್: ಟಂಗ್‌ಸ್ಟನ್ ವಿದ್ಯುದ್ವಾರವನ್ನು ಬಳಸುವ ಈ ವಿಧಾನವು ಅಲ್ಯೂಮಿನಿಯಂ ಭಾಗಗಳಿಗೂ ಸೂಕ್ತ. ಕೆಲಸ ನಿಧಾನ, ಹೆಚ್ಚಿನ ನೈಪುಣ್ಯ ಬೇಕು.

6. ಮಿಗ್ ಬ್ರೇಜಿಂಗ್: ತಾಮ್ರ-ಸಿಲಿಕಾನ್ ತಂತಿಯು ಉಕ್ಕಿಗಿಂತ ಕಡಿಮೆ ಶಾಖದಲ್ಲಿ ಕರಗುವುದರಿಂದ ಹಾಳೆಯ ಸತು ಲೇಪನಕ್ಕೆ ಹಾನಿ ಕಡಿಮೆ. ತಯಾರಕರು ಸೂಚಿಸಿದ ಸ್ಥಳಗಳಲ್ಲಿ ಮಾತ್ರ ಬಳಸತಕ್ಕದ್ದು.

ಮುನ್ನೆಚ್ಚರಿಕೆಗಳು
• ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಸಂಪರ್ಕವನ್ನು ತೆಗೆಯುವುದು.
• ಇಂಧನ ಟ್ಯಾಂಕ್ ಅಥವಾ ಸಿಎನ್‌ಜಿ ಸಿಲಿಂಡರ್ ಸಮೀಪದಲ್ಲಿ ಅವುಗಳನ್ನು ಕಳಚದೆ ಬೆಸೆಯಬಾರದು.
• ಸತು ಲೇಪನದ ಹೊಗೆಯು ಜ್ವರವನ್ನು ತರಬಲ್ಲದು. ಗಾಳಿಯಾಡುವ ಸ್ಥಳ ಹಾಗೂ ಸೂಕ್ತ ಮುಖಗವಸು ಅಗತ್ಯ.
• ಬೆಸುಗೆಯ ಒಳಬದಿಗೂ ತುಕ್ಕುನಿರೋಧಕ ಲೇಪನ ಹಚ್ಚುವುದು.

ವಾಹನ ಮಾಲೀಕರ ಗಮನಕ್ಕೆ
ಬಾಗಿಲ ಕಂಬ ಮತ್ತಿತರ ಕಡೆ ಬಳಸುವ ಬೋರಾನ್ ಉಕ್ಕನ್ನು ಕಾಯಿಸಿ ನೇರ ಮಾಡಿದರೆ ಅದರ ಬಲ ಕುಂದುತ್ತದೆ. ಬಣ್ಣ ಹಚ್ಚಿದ ಬಳಿಕ ಈ ದೋಷವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಯಾವ ಭಾಗಕ್ಕೆ ಯಾವ ಬೆಸುಗೆ ಬಳಸಲಾಗುವುದೆಂದು ಕೆಲಸಕ್ಕೆ ಮುನ್ನವೇ ವಿಚಾರಿಸಿ, ಬಣ್ಣಕ್ಕೆ ಮುನ್ನ ಪರಿಶೀಲಿಸುವುದು ಸೂಕ್ತ.